ಎಡ ಚಕ್ರದ ಕಳ್ಳ ಹೋಸಿನಲ್ಲಿದ್ದ

ನನ್ನ ಹಳೆಯ ಕಾರು ಮಾರುತಿ ಝೆನ್‌ನ ಎಡ ಮುಂಚಕ್ರ ಕೊನೆಗೂ ಸರಾಗವಾಗಿ ತಿರುಗುತ್ತಿದೆ. ಬ್ರೇಕ್ ಬಿಟ್ಟ ಮೇಲೂ ಹಿಡಿದೇ ಇದ್ದು, ಒಂದೇ ವರ್ಷದಲ್ಲಿ ಎರಡು ಜೊತೆ ಬ್ರೇಕ್ ಪ್ಯಾಡ್ ನುಂಗಿದ ಚಕ್ರ ಇದು. ಬಲಗಡೆ ಇನ್ನೂ 7 ಮಿ.ಮೀ. ಲೈನಿಂಗ್ ಇರುವಾಗ ಎಡಗಡೆ ಒಳ, ಹೊರ ಪ್ಯಾಡುಗಳೆರಡೂ 2 ಮಿ.ಮೀ.ಗೆ ಇಳಿದಿದ್ದವು. ಬಳ್ಳಾರಿಯಿಂದ ತೋರಣಗಲ್ಲಿಗೆ ಹೋಗಿ ಬಂದರೆ ಆ ಚಕ್ರದ ಬಳಿ ಕೈ ಇಡಲಾಗುತ್ತಿರಲಿಲ್ಲ.

ಮೊದಲ ಅನುಮಾನ ಗೈಡ್ ಪಿನ್ನುಗಳ ಮೇಲೆ; ಪ್ಯಾಡುಗಳನ್ನು ಹಿಡಿದ ಕ್ಯಾಲಿಪರ್ ಜಾರುವುದು ಇವುಗಳ ಮೇಲೆ. ಅದಿರು ಲಾರಿಗಳ ಹಿಂದೆ ಓಡುವ ಗಾಡಿಯಲ್ಲಿ ಕೆಂಪು ದೂಳು ಸೇರದ ಸಂದಿಯೇ ಇಲ್ಲ. ಬಿಚ್ಚಿ ತೊಳೆದು ಸಿಲಿಕೋನ್ ಗ್ರೀಸ್ ಹಚ್ಚಿದೆ. ಪಿನ್ನುಗಳು ಬೆಣ್ಣೆಯಂತೆ ಜಾರಿದವು, ಚಕ್ರ ಮಾತ್ರ ಹಿಡಿದೇ ಇತ್ತು. ಪಿನ್ ಕಚ್ಚಿಕೊಂಡಿದ್ದರೆ ಒಳಪ್ಯಾಡ್ ಹೊರಗಿನದಕ್ಕಿಂತ ಬೇಗ ಸವೆಯಬೇಕಿತ್ತು. ಸವಕಳಿ ಸಮವಾಗಿದ್ದುದೇ ಸುಳಿವು. ಮುಂದೆ, ಪ್ಯಾಡನ್ನು ತಳ್ಳುವ ಪಿಸ್ಟನ್ನಿನ ರಬ್ಬರ್ ಸೀಲ್. ಅಂಗಡಿಯವರು ಕೊಟ್ಟದ್ದು ಬೇರೆ ಮಾದರಿಯ ಕಿಟ್. ಹಿಂತಿರುಗಿಸಲು ಹೋದರೆ ಪೊಟ್ಟಣ ಹರಿದಿದೆ ಎಂಬ ತಕರಾರು! ಬ್ರೇಕಿನ ಸಾಮಾನನ್ನು ಪಾರ್ಟ್ ನಂಬರ್ ನೋಡದೆ ಮಾರುವುದನ್ನು ನಾನು ಸಹಿಸಲಾರೆ. ಸರಿಯಾದ ಸೀಲ್ ಹಾಕಿದರೂ ಚಕ್ರ ಬಿಡಲಿಲ್ಲ.

ಭಾನುವಾರ ಗಾಡಿ ಎತ್ತಿ, ಪೆಡಲನ್ನು ಐದಾರು ಬಾರಿ ತುಳಿದು ಬಿಟ್ಟೆ. ಚಕ್ರ ಅಲುಗಲಿಲ್ಲ. ಕ್ಯಾಲಿಪರಿನಿಂದ ಬ್ರೇಕ್ ಆಯಿಲ್ ಹೊರಬಿಡುವ ಬ್ಲೀಡ್ ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿದೆ. ಆಯಿಲ್ ಚಿಮ್ಮಿತು, ಚಕ್ರ ತಿರುಗಿತು. ಒತ್ತಡ ಒಳಗೇ ಸೆರೆಯಾಗಿದೆ ಎಂದಾಯಿತು. ನಿಪ್ಪಲ್ ಬಿಗಿದು, ಮತ್ತೆ ತುಳಿದು, ಈ ಸಲ ರಬ್ಬರ್ ಹೋಸ್ ಲೋಹದ ಪೈಪಿಗೆ ಸೇರುವಲ್ಲಿ ನಟ್ ಸಡಿಲಿಸಿದೆ. ಚಕ್ರ ಹಿಡಿದೇ ಇತ್ತು! ಒತ್ತಡ ಸಿಕ್ಕಿಕೊಂಡಿರುವುದು ಹೋಸಿನಲ್ಲೇ; ಪೆಡಲಿನ ಬಳಿ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ನಿರಪರಾಧಿ. ನನಗೆ ಕುಣಿಯುವಷ್ಟು ಸಂತೋಷ.

ಹೋಸನ್ನು ಬಿಚ್ಚಿ ಉದ್ದಕ್ಕೆ ಸೀಳಿದೆ. ಹೊರಗೆ ಒಂದು ಬಿರುಕೂ ಇಲ್ಲ, ಒಳಪದರ ಮಾತ್ರ ಊದಿ ದಾರಿ ಮುಚ್ಚಿತ್ತು. ಕಾಲಿನ ಬಲ ಆಯಿಲನ್ನು ತಳ್ಳಿಕೊಂಡು ಒಳಗೆ ಹೋಗುತ್ತದೆ. ಹಿಂದಕ್ಕೆ ಬರಲು ಇರುವುದು ಸೀಲ್ ಮತ್ತೆ ನೆಟ್ಟಗಾಗುವ ಅಷ್ಟಿಷ್ಟು ಬಲ. ಹಿಂದೊಮ್ಮೆ ಗ್ಯಾರೇಜಿನಲ್ಲಿ ಕ್ಯಾಲಿಪರನ್ನು ಹೋಸಿಗೇ ನೇತುಹಾಕಿದ್ದನ್ನು ಕಂಡಿದ್ದೆ. ಆ ಭಾರಕ್ಕೆ ಹೋಸ್ ಒಳಗೇ ಹಾಳಾಗಬಹುದು. ದಯವಿಟ್ಟು ಹಾಗೆ ಮಾಡಬೇಡಿ, ಒಂದು ತಂತಿ ಕಟ್ಟಿ.

ಎರಡೂ ಬದಿಗೆ ಹೊಸ ಹೋಸ್, ಹೊಸ ಪ್ಯಾಡ್, ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್. ತೇವ ಹೀರಿದರೆ ಅದರ ಕುದಿಬಿಂದುವಿನ ಕನಿಷ್ಠ ಮಿತಿ 230 ಡಿಗ್ರಿಯಿಂದ 155ಕ್ಕೆ ಇಳಿಯುತ್ತದೆ; ನಮ್ಮ ಬೇಸಿಗೆಯಲ್ಲಿ, ಹಿಡಿದ ಚಕ್ರದ ಬಿಸಿ ತಿಂದ ಹಳೆಯ ಆಯಿಲ್ ಇಟ್ಟುಕೊಳ್ಳುವ ಧೈರ್ಯ ನನಗಿಲ್ಲ.

ಮುಂದೆ ತಂದೆಯವರ ರಾಜದೂತ್ ಬೈಕ್ ಕಾಯುತ್ತಿದೆ. ಅದರ ಡ್ರಮ್ ಬ್ರೇಕಿಗೆ ಆಯಿಲೂ ಇಲ್ಲ, ಹೋಸೂ ಇಲ್ಲ. ಈಗಲೇ ಬ್ರೇಕ್ ಶೂಗಳ ಅಳತೆ ಬರೆದುಕೊಂಡಿದ್ದೇನೆ.

ಇಂದು ಸಂಜೆ ತೋರಣಗಲ್ಲಿನಿಂದ ಬಂದು ಎರಡೂ ಚಕ್ರಗಳ ಬಳಿ ಕೈ ಇಟ್ಟು ನೋಡಿದೆ. ಒಂದೇ ಬಿಸಿ.