ಮೊದಲು ಹಗ್ಗ, ಆಮೇಲೆ ನೀರು
ನಮ್ಮ ನೆರೆಮನೆಯ ಹಿರಿಯರು ವೃತ್ತಿಯಿಂದ ಬಡಗಿ. ಬಾವಿಗೆ ಬಿದ್ದ ಮಗು, ಮಗುಚಿದ ವಾಹನದಲ್ಲಿ ಸಿಕ್ಕಿಕೊಂಡ ದಂಪತಿ, ಹೊಳೆಯಲ್ಲಿ ಕೊಚ್ಚಿಹೋಗುತ್ತಿದ್ದವರು, ಹೀಗೆ ಗುರುತು ಪರಿಚಯವಿಲ್ಲದ ಎಷ್ಟೋ ಜನರನ್ನು ಅವರು ಬದುಕಿಸಿದ್ದರೆಂದು ಸುತ್ತಲಿನವರು ಹೇಳುತ್ತಿದ್ದರು. ಆ ಮಾತು ಬಂದಾಗಲೆಲ್ಲ ಅವರು ಮಾತು ಮರೆಸುತ್ತಿದ್ದರು. ಅಂಥದ್ದೊಂದನ್ನು ನಾನು ಕಣ್ಣಾರೆ ಕಂಡದ್ದು ಮಳೆಗಾಲ ಮುಗಿಯುತ್ತಿದ್ದ ಒಂದು ಮಧ್ಯಾಹ್ನ, ಹೊಳೆಯ ದಂಡೆಯಲ್ಲಿ.

ನಾಲ್ಕೈದು ಯುವಕರು ನೀರಾಟವಾಡುತ್ತಿದ್ದರು. ಅವರಲ್ಲೊಬ್ಬ ಗುಂಪಿನಿಂದ ದೂರವಾಗಿ, ತಲೆಯನ್ನು ಹಿಂದಕ್ಕೆ ವಾಲಿಸಿ, ಕೈಗಳಿಂದ ನೀರನ್ನು ಕೆಳಕ್ಕೆ ಒತ್ತುತ್ತಿದ್ದ. ಅವನು ಕೂಗಲಿಲ್ಲ, ಕೈ ಬೀಸಲೂ ಇಲ್ಲ. ಪಕ್ಕದಲ್ಲಿದ್ದ ಗೆಳೆಯರು ನಗುತ್ತಲೇ ಇದ್ದರು. ಹಿರಿಯರು ಮಾತ್ರ ತಟ್ಟನೆ ಎದ್ದರು. ಮುಳುಗುವವರ ಬಾಯಿ ಕ್ಷಣಮಾತ್ರ ನೀರಿನ ಮೇಲೆ ಬರುತ್ತದೆ, ಅಷ್ಟರಲ್ಲಿ ಉಸಿರೆಳೆದುಕೊಳ್ಳುವುದೇ ಕಷ್ಟವಾಗಿರುವಾಗ ಕೂಗಲು ಗಾಳಿ ಎಲ್ಲಿಂದ ಬರಬೇಕು ಎಂದು ಅವರು ಆಮೇಲೆ ವಿವರಿಸಿದರು. ಈ ಸ್ಥಿತಿ 20ರಿಂದ 60 ಸೆಕೆಂಡು ಇದ್ದರೆ ಹೆಚ್ಚು.

ಅಷ್ಟು ಅವಸರದಲ್ಲೂ ಅವರು ನೀರಿಗೆ ಹಾರಲಿಲ್ಲ. ದಡದಲ್ಲಿದ್ದ ಖಾಲಿ ಪ್ಲಾಸ್ಟಿಕ್ ಕ್ಯಾನಿನ ಮುಚ್ಚಳ ಬಿಗಿದು, ಹಿಡಿಕೆಗೆ ದೋಣಿಯ ಹಗ್ಗ ಕಟ್ಟಿ, "ಈ ತುದಿ ಬಿಡಬೇಡ" ಎಂದು ನನ್ನ ಕೈಗಿತ್ತು ಕ್ಯಾನನ್ನು ಎಸೆದರು. ಅದು ಹುಡುಗನ ಪಕ್ಕದಲ್ಲೇ ಬಿದ್ದರೂ ಕೈ ಚಾಚಿ ಹಿಡಿಯುವುದು ಅವನಿಂದಾಗಲಿಲ್ಲ. ಆಗಷ್ಟೇ ಕ್ಯಾನನ್ನು ಎಳೆದುಕೊಂಡು, ಸೆಳವಿನ ಮೇಲ್ಭಾಗದಿಂದ ನೀರಿಗಿಳಿದರು. ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಳ್ಳಲಿಲ್ಲ. ರಭಸದ ನೀರಿನಲ್ಲಿ ಸೊಂಟದ ಹಗ್ಗವೇ ಮನುಷ್ಯನನ್ನು ಮುಳುಗಿಸಿಬಿಡಬಹುದಂತೆ. ಹಿಂದಿನಿಂದ ಹೋದರೂ ಹುಡುಗ ತಿರುಗಿ ಕುತ್ತಿಗೆಗೆ ಬಿಗಿಯಾಗಿ ಜೋತುಬಿದ್ದ. ಅವರು ಬಿಡಿಸಿಕೊಳ್ಳಲು ಗುದ್ದಾಡದೆ ತಾವೇ ನೀರಿನಡಿಗೆ ಇಳಿದರು. ಮೇಲೆ ಉಳಿಯಬೇಕೆಂಬ ಅವನ ಆತುರವೇ ಹಿಡಿತವನ್ನು ಸಡಿಲಿಸಿತು. ಕ್ಯಾನನ್ನು ಅವನ ತೋಳಡಿಗೆ ಸಿಕ್ಕಿಸಿದ ಮೇಲೆ ನಾವು ದಡದಿಂದ ಎಳೆದೆವು.

ಹುಡುಗನಿಗೆ ಉಸಿರಿರಲಿಲ್ಲ. ಸೇರಿದ ಜನ ಅವನನ್ನು ತಲೆಕೆಳಗು ಮಾಡಿ ಹೊಟ್ಟೆ ಒತ್ತಲು ಮುಂದಾದಾಗ, ಎಂದೂ ದನಿ ಏರಿಸದ ಆ ಮನುಷ್ಯ ಗದರಿದರು. ಹೊಟ್ಟೆ ಒತ್ತಿದರೆ ಅಲ್ಲಿರುವುದೆಲ್ಲ ಶ್ವಾಸಕೋಶಕ್ಕೆ ನುಗ್ಗುವ ಅಪಾಯವಿದೆ, ಅಮೂಲ್ಯ ಸಮಯವೂ ಹಾಳಾಗುತ್ತದೆ. ಅವರು ಮೊದಲು ಬಾಯಿಂದ ಉಸಿರು ಕೊಟ್ಟರು. ಆಮೇಲೆ 30 ಬಾರಿ ಎದೆ ಒತ್ತುವುದು, 2 ಬಾರಿ ಉಸಿರು ಕೊಡುವುದು, ಮತ್ತೆ ಒತ್ತುವುದು. ಅವರ ಕೈ ಸೋತಾಗ ನಾನು ಒತ್ತಿದೆ. ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, 5 ಸೆಂಟಿಮೀಟರಿನಷ್ಟು ಆಳಕ್ಕೆ ಒತ್ತುವುದು ಎಷ್ಟು ದಣಿವಿನ ಕೆಲಸವೆಂಬುದು ಮಾಡಿದವರಿಗೇ ಗೊತ್ತು. ಕೊನೆಗೆ ಅವನು ಕೆಮ್ಮಿ, ವಾಂತಿ ಮಾಡಿ, ಉಸಿರಾಡಿದ. ಪಕ್ಕಕ್ಕೆ ಹೊರಳಿಸಿ ಮಲಗಿಸಿದೆವು. ಸ್ವಲ್ಪ ಹೊತ್ತಿಗೆ ಚೇತರಿಸಿಕೊಂಡು ಮನೆಗೆ ಹೋಗುತ್ತೇನೆಂದು ಹಟ ಹಿಡಿದರೂ, ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರವೂ ಉಲ್ಬಣಿಸಬಹುದೆಂದು ಹಿರಿಯರು ಅವನನ್ನು ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಕಳುಹಿಸಿಯೇ ಬಿಟ್ಟರು.

ಜನ ಅವರ ಧೈರ್ಯವನ್ನು ಕೊಂಡಾಡಿದರು. ನನಗೆ ಹೆಚ್ಚು ದೊಡ್ಡದಾಗಿ ಕಂಡದ್ದು ಕ್ಯಾನಿಗೆ ಗಂಟು ಹಾಕಲು ಅವರು ತೆಗೆದುಕೊಂಡ ಆ ಕೆಲವು ಕ್ಷಣಗಳು. ಮುಳುಗುವವರ ಹಿಂದೆಯೇ ಹಾರಿ ತಾವೂ ಜೀವ ಕಳೆದುಕೊಂಡವರನ್ನು ಅವರು ಕಂಡಿದ್ದರು. ಎಲ್ಲ ಮುಗಿದ ಮೇಲೆ ಅವರ ಕೈ ನಡುಗುತ್ತಿತ್ತು; ಅದನ್ನವರು ಮುಚ್ಚಿಡಲೂ ಇಲ್ಲ.

ಆ ಯುವಕರು ಮರುವಾರ ಹಾರ ತಂದಾಗ ಅವರು ಅದನ್ನು ಬದಿಗಿಟ್ಟು, ಎಷ್ಟು ಮಂದಿಗೆ ಈಜು ಬರುತ್ತದೆಂದು ಕೇಳಿದರು. ಒಬ್ಬನಿಗೂ ಸರಿಯಾಗಿ ಬರುತ್ತಿರಲಿಲ್ಲ. 2021ರಲ್ಲಿ ಜಗತ್ತಿನಾದ್ಯಂತ ಮುಳುಗಿ ಸತ್ತವರು ಸುಮಾರು 3 ಲಕ್ಷ ಮಂದಿ, ಅವರಲ್ಲಿ ಅರ್ಧಕ್ಕೂ ಹೆಚ್ಚು ಜನ 30 ತುಂಬದವರು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವನ್ನು ಓದಿದಾಗ ನನಗೆ ನೆನಪಾಗುವುದು ಆ ಗುಂಪೇ. ಸೊಂಟದಾಳದ ನೀರಿನಲ್ಲಿ ಅವರಿಗೆ ಈಜು ಕಲಿಸುವ ಕೆಲಸವನ್ನು ಹಿರಿಯರು ಅಂದೇ ಒಪ್ಪಿಕೊಂಡರು. ದಡದಲ್ಲಿ ನಿಂತು ಹಗ್ಗ ಎಸೆಯುವುದನ್ನು ಕಲಿಯುವ ಸರದಿ ನನ್ನದಾಯಿತು.