ಭಟ್ಟಿ ಇಳಿಸಿದ ಭಂಗಿಗಳು: ಫ್ಲ್ಯಾಶ್ ಗಾರ್ಡನ್ ಮತ್ತು ಯುರೋಪಿನ ಚಿತ್ರಕಾರರು

ಯುರೋಪಿನ ಹಳೆಯ ಫ್ಯಾಂಟಸಿ ಕಾಮಿಕ್ಸ್‌ನಲ್ಲಿ ಅಮೆರಿಕದಿಂದ ಎತ್ತಿದ ಚಿತ್ರ ಯಾವುದೆಂದು ಹಿಡಿಯಬೇಕಾದರೆ ಮುಖ ನೋಡಬೇಡಿ. ಮುಖವನ್ನು ಯಾರು ಬೇಕಾದರೂ ಬದಲಾಯಿಸುತ್ತಾರೆ. ಬಟ್ಟೆಯ ಮಡಿಕೆ ನೋಡಿ. ಕತ್ತಿ ಬೀಸುವ ಭಂಗಿ ಇಬ್ಬರಿಗೂ ತಾನಾಗಿಯೇ ಹೊಳೆದಿರಬಹುದು. ಆದರೆ ಹೆಗಲಿನಿಂದ ಇಳಿದ ಮೇಲಂಗಿ ಮೊಣಕೈ ಹತ್ತಿರ ಮೂರು ಸುಕ್ಕಾಗಿ ಒಡೆದು, ನಾಲ್ಕನೆಯ ಸುಕ್ಕು ಬೆನ್ನ ಹಿಂದೆ ಮರೆಯಾಗುವುದು ಇಬ್ಬರ ಬ್ರಷ್‌ನಲ್ಲೂ ಒಂದೇ ಥರ ಬರುವುದು ಕಾಕತಾಳೀಯವಲ್ಲ.

ಮೂಲ ಹುಡುಕಲು ಹೆಚ್ಚು ದೂರ ಹೋಗಬೇಕಿಲ್ಲ. ಅಮೆರಿಕದ ಅಲೆಕ್ಸ್ ರೇಮಂಡ್ 1934ರಲ್ಲಿ ಶುರುಮಾಡಿದ ಬಾಹ್ಯಾಕಾಶ ಸಾಹಸದ ಚಿತ್ರಕಥೆ ಫ್ಲ್ಯಾಶ್ ಗಾರ್ಡನ್, ಹಾಲ್ ಫಾಸ್ಟರ್ ಅವರ ಟಾರ್ಜನ್ ಮತ್ತು 1937ರಿಂದ ಬಂದ, ರಾಜಕುಮಾರ ಯೋಧನ ಕಥೆ ಪ್ರಿನ್ಸ್ ವೇಲಿಯಂಟ್, ಫಾಸ್ಟರ್ ಬಿಟ್ಟ ಟಾರ್ಜನ್ನನ್ನು ಮುಂದುವರಿಸಿದ ಬರ್ನ್ ಹೊಗಾರ್ತ್ ಅವರ ಪುಟಗಳು: ಮೊದಲು ಇವನ್ನು ತಿರುವಿಹಾಕಿ.

ಎರಡೂ ಚಿತ್ರಗಳನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಸ್ಕ್ಯಾನ್ ಮಾಡಿ, ಗಲ್ಲದಿಂದ ಸೊಂಟಪಟ್ಟಿಯವರೆಗಿನ ಅಳತೆ ಸಮನಾಗುವಂತೆ ಹಿಗ್ಗಿಸಿ ಅಥವಾ ಕುಗ್ಗಿಸಿ, ಒಂದರ ಮೇಲೊಂದನ್ನು ಅರ್ಧ ಪಾರದರ್ಶಕವಾಗಿ ಇಡಿ. ಹೊಂದದಿದ್ದರೆ ಕನ್ನಡಿಯಂತೆ ತಿರುಗಿಸಿ ಮತ್ತೊಮ್ಮೆ ನೋಡಿ. ಭುಜ, ಮೊಣಕೈ, ಮಂಡಿ ಎಲ್ಲವೂ ಕರಾರುವಾಕ್ಕಾಗಿ ಕೂತರೆ ಅದು ಟ್ರೇಸಿಂಗ್, ಅಂದರೆ ಮೂಲದ ಮೇಲೆ ಹಾಳೆ ಇಟ್ಟು ಗೆರೆ ಎಳೆದದ್ದು. ಅಳತೆ ಅಲ್ಲಲ್ಲಿ ಜಾರಿದ್ದರೂ ಮಡಿಕೆಗಳು ಅದೇ ಕ್ರಮದಲ್ಲಿದ್ದರೆ, ಪಕ್ಕದಲ್ಲಿಟ್ಟುಕೊಂಡು ನೋಡಿ ಬರೆದದ್ದು.

ತಿರುಗಿಸಿ ಎತ್ತಿದವರು ಸಾಮಾನ್ಯವಾಗಿ ಸಿಕ್ಕಿಬೀಳುವುದು ಕತ್ತಿಯಲ್ಲಿ. ನಾಯಕ ಇದ್ದಕ್ಕಿದ್ದಂತೆ ಎಡಚನಾಗುತ್ತಾನೆ, ಎಡ ಸೊಂಟದಲ್ಲಿದ್ದ ಒರೆ ಬಲಕ್ಕೆ ಬರುತ್ತದೆ, ಮುಂದಿನ ಪ್ಯಾನೆಲ್‌ನಲ್ಲಿ (ಚಿತ್ರದ ಚೌಕದಲ್ಲಿ) ಮತ್ತೆ ಎಡಕ್ಕೆ ಮರಳುತ್ತದೆ. ಇನ್ನೊಂದು ಎಡವಟ್ಟು ಪಾದದಲ್ಲಿ. ಕೆಳಗಿನಿಂದ ನೋಡಿದಂತೆ ಬರೆದ ಆಕೃತಿಯನ್ನು ಮೇಲಿನಿಂದ ಕಾಣುವ ನೆಲದ ಮೇಲೆ ನಿಲ್ಲಿಸಿದರೆ ಪಾದ ಊರುವುದೇ ಇಲ್ಲ. ಅದಕ್ಕೇ ಹುಲ್ಲು, ಹೊಗೆ, ಬಂಡೆ ಅಡ್ಡ ಬರುತ್ತವೆ. ಎರಡು ಬೇರೆ ಪುಟಗಳಿಂದ ತಂದ ಇಬ್ಬರನ್ನು ಎದುರುಬದುರು ನಿಲ್ಲಿಸಿದಾಗ ಒಬ್ಬರ ನೋಟ ಇನ್ನೊಬ್ಬರನ್ನು ಮುಟ್ಟುವುದಿಲ್ಲ, ಬೆಳಕೂ ಎರಡು ದಿಕ್ಕಿನಿಂದ ಬೀಳುತ್ತದೆ. ಎತ್ತಿದ ಆಕೃತಿ ಸೊಗಸಾಗಿಯೇ ಇರುತ್ತದೆ. ಅದು ಚಿತ್ರಕಾರನ ಸ್ವಂತ ಹಿನ್ನೆಲೆಗೆ ತಾಗುವ ಕಡೆಯೇ ಬೆಸುಗೆ ಬಿಡುವುದು.

ಆದರೆ ಇದನ್ನೆಲ್ಲ ಬರೀ ಕಳ್ಳತನ ಎಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಫ್ರಾನ್ಸಿನ ಲೆ ಜುರ್ನಾಲ್ ದ ಮಿಕೆ, ಇಟಲಿಯ ಲಾವೆಂತುರೋಸೊ ಎರಡೂ 1934ರಲ್ಲಿ ಶುರುವಾದವು, ಅಮೆರಿಕದ ಸರಣಿಗಳ ಬಲದ ಮೇಲೆಯೇ ಬೆಳೆದವು. ಅಂಥ ಪತ್ರಿಕೆಗಳಲ್ಲಿ ಮೂಲ ಪುಟವನ್ನು ಕತ್ತರಿಸಿ ಜೋಡಿಸುವುದು, ಮಾತಿನ ಗುಳ್ಳೆ ಅಳಿಸುವುದು, ಖಾಲಿ ಉಳಿದ ಮೂಲೆಗೆ ಆಕಾಶವನ್ನೋ ಗೋಡೆಯನ್ನೋ ತುಂಬುವುದು ಮಾಮೂಲಿ ಕೆಲಸ. ಇನ್ನೊಬ್ಬರ ಗೆರೆಯನ್ನು ಗುರುತು ಸಿಗದಂತೆ ಮುಂದುವರಿಸುವುದು ಅಲ್ಲಿ ಸಂಬಳ ಕೊಟ್ಟು ಮಾಡಿಸುವ ಕಸುಬಾಗಿತ್ತು.

ಆಮೇಲೆ ಸರಬರಾಜೇ ನಿಂತಿತು. ಇಟಲಿಯಲ್ಲಿ 1938ರಲ್ಲಿ ಫ್ಯಾಸಿಸ್ಟ್ ಸರ್ಕಾರ ಅಮೆರಿಕದ ಕಾಮಿಕ್ಸ್‌ಗೆ ತಡೆ ಹಾಕಿತು. ಜರ್ಮನರ ವಶದಲ್ಲಿದ್ದ ಬೆಲ್ಜಿಯಂನಲ್ಲಿ, ಅಮೆರಿಕ ಯುದ್ಧಕ್ಕಿಳಿದ ಮೇಲೆ, ಬ್ರಾವೊ ಪತ್ರಿಕೆಗೆ ಫ್ಲ್ಯಾಶ್ ಗಾರ್ಡನ್ ಪುಟಗಳು ಬರಲಿಲ್ಲ. ಕಥೆ ನಡುವಿನಲ್ಲೇ ನಿಂತಿತ್ತು. 1942ರಲ್ಲಿ ಅದನ್ನು ಮುಂದುವರಿಸುವ ಕೆಲಸ ಬೆಲ್ಜಿಯಂನ ಚಿತ್ರಕಾರ ಎಡ್ಗರ್ ಪಿ. ಜೇಕಬ್ಸ್ ಅವರಿಗೆ ಬಂತು. ಅವರು ಒಪೆರಾದ ಬ್ಯಾರಿಟೋನ್ ಗಾಯಕರೂ ಹೌದು. ಕೆಲವೇ ವಾರಗಳಲ್ಲಿ ಜರ್ಮನ್ ಸೆನ್ಸಾರ್ ಅದನ್ನೂ ನಿಲ್ಲಿಸಿತು. ಜಾಗ ತುಂಬಲು 1943ರಲ್ಲಿ ಅವರು ಆರಂಭಿಸಿದ ಸ್ವಂತ ಚಿತ್ರಕಥೆಯೇ ಲೆ ರೆಯೋನ್ ಯು.

ಇದರ ಚೌಕಟ್ಟು ಗಾರ್ಡನ್‌ನದೇ: ಧೀರ ನಾಯಕ ಕಾಲ್ಡರ್, ಜೊತೆಗೆ ಸಿಲ್ವಿಯಾ, ವಿಜ್ಞಾನಿ ಮಾರ್ಡುಕ್, ಅಪರಿಚಿತ ನಾಡು, ದೈತ್ಯ ಪ್ರಾಣಿಗಳು. ಆದರೆ ಕಥೆಯನ್ನು ಎಳೆದುಕೊಂಡು ಹೋಗುವುದು ಯುರಾಡಿಯಂ ಎಂಬ ಖನಿಜದ ಹುಡುಕಾಟ. ರೇಮಂಡ್ ಅವರಲ್ಲಿ ಹಿನ್ನೆಲೆ ಬೇಕೆಂದಾಗ ಕರಗಿಹೋಗುತ್ತದೆ, ಕಣ್ಣು ದೇಹಗಳ ಮೇಲೇ ನಿಲ್ಲುತ್ತದೆ. ಜೇಕಬ್ಸ್ ಅವರಲ್ಲಿ ಮೆಟ್ಟಿಲು, ಕಂಬ, ಯಂತ್ರ ಎಲ್ಲಕ್ಕೂ ರಂಗಸಜ್ಜಿಕೆಯ ಗಟ್ಟಿತನವಿದೆ. ನಾನು ಇದನ್ನು ನಕಲು ಎನ್ನುವುದಕ್ಕಿಂತ ಕಲಿಕೆ ಎನ್ನುತ್ತೇನೆ, ಏಕೆಂದರೆ 1946ರಲ್ಲಿ ಶುರುವಾದ ಅವರದೇ ಸರಣಿ ಬ್ಲೇಕ್ ಮತ್ತು ಮಾರ್ಟಿಮರ್‌ಗೆ ಈ ಹಿನ್ನೆಲೆಗಳಿಂದಲೇ ದಾರಿ ಹೋಗುತ್ತದೆ.

ಹಾಲೆಂಡಿನ ಹಾನ್ಸ್ ಕ್ರೆಸ್ಸೆ ಅವರದೂ ಇದೇ ಜಾಡು. 1946ರ ಅವರ ಸರಣಿ ಎರಿಕ್ ದ ನೋರ್ಮನ್‌ನ ಆರಂಭದಲ್ಲಿ ಫಾಸ್ಟರ್ ಎದ್ದು ಕಾಣುತ್ತಾರೆ. 1964ರಲ್ಲಿ ಸರಣಿ ಮುಗಿಯುವ ಹೊತ್ತಿಗೆ ಬ್ರಷ್ ಪೂರ್ತಿ ಕ್ರೆಸ್ಸೆಯದೇ. ಇಟಲಿಯ ಕಾಮಿಕ್ಸ್ ನಾಯಕ ಅಕಿಮ್ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. 1950ರಲ್ಲಿ ಹುಟ್ಟಿದ ಅವನು ಹೆಸರು ಬದಲಾದ ಟಾರ್ಜನ್.

ಲೆ ರೆಯೋನ್ ಯು ಹೋಲಿಸಿ ನೋಡುವವರು 1974ರ ಆಲ್ಬಂ (ಪುಸ್ತಕರೂಪ) ಒಂದನ್ನೇ ನೆಚ್ಚಬೇಡಿ. ಬ್ರಾವೊದಲ್ಲಿ ಮಾತು ಚಿತ್ರದ ಕೆಳಗೆ ಅಚ್ಚಾಗಿತ್ತು. ಮರುಪ್ರಕಟಣೆಗಾಗಿ ಜೇಕಬ್ಸ್ ಪುಟಗಳನ್ನು ಮರುಜೋಡಿಸಿ ಮಾತಿನ ಗುಳ್ಳೆ ಸೇರಿಸಿದರು. ರೇಮಂಡ್ ಪಕ್ಕ ಇಡಬೇಕಾದದ್ದು 1943ರ ಪುಟಗಳನ್ನು.