ಹನ್ನೆರಡು ಕಂಬಗಳ ದಾರಿ

ಜನವರಿಯ ಒಂದು ಶುಕ್ರವಾರ ನಸುಕಿನಲ್ಲಿ ನಾನು, ನನ್ನ ತಮ್ಮ ಮತ್ತು ನಮ್ಮ ಮನೆಯ ನಾಯಿ ಕೆಂಚಿ ಹಾಸನದಿಂದ ಬೆಂಗಳೂರಿಗೆ ಹೊರಟೆವು. ಮರುದಿನ ನಗರದ ಉತ್ತರದಲ್ಲಿ, ಹೆಣ್ಣೂರು–ಬಾಗಲೂರು ರಸ್ತೆಯ ಕಡೆಗಿನ ಖಾಸಗಿ ಮೈದಾನವೊಂದರಲ್ಲಿ ನಾಯಿಗಳ ವಿಧೇಯತೆ ಮತ್ತು ಅಜಿಲಿಟಿ, ಅಂದರೆ ಅಡೆತಡೆಗಳನ್ನು ಹಾರಿ, ನುಗ್ಗಿ, ಹತ್ತಿ ಓಡುವ ಸ್ಪರ್ಧೆಗಳಿದ್ದವು. ತಳಿಯ ನಿರ್ಬಂಧ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ನಾನು ಹೆಸರು ಕೊಟ್ಟಿದ್ದೆ, ಏಕೆಂದರೆ ಕೆಂಚಿಗೆ ವಂಶಾವಳಿಯ ಪತ್ರವಿಲ್ಲ. ಮೂರು ವರ್ಷಗಳ ಹಿಂದೆ, ನಾನು ಪಾಠ ಮಾಡುವ ಶಾಲೆಯ ಅಡುಗೆಕೋಣೆಯ ಹಿಂದೆ ಹುಟ್ಟಿದ ಆರು ಮರಿಗಳಲ್ಲಿ ಉಳಿದುಕೊಂಡವಳು ಅವಳೊಬ್ಬಳೇ. ರೈಲಿನಲ್ಲಿ ನಾಯಿಯನ್ನು ಜೊತೆಗೇ ಕರೆದೊಯ್ಯಬೇಕಾದರೆ ಹವಾನಿಯಂತ್ರಿತ ಮೊದಲ ದರ್ಜೆಯ ಕೂಪೆಯನ್ನು ಪೂರ್ತಿ ಕಾಯ್ದಿರಿಸಬೇಕು, ಇಲ್ಲವಾದರೆ ಗಾರ್ಡ್ ಬೋಗಿಯ ಪೆಟ್ಟಿಗೆಯಲ್ಲಿ ಬಿಡಬೇಕು. ಸ್ಪರ್ಧೆಗೆ ಹೋಗುವ ನಾಯಿಯನ್ನು ಕತ್ತಲ ಪೆಟ್ಟಿಗೆಯಲ್ಲಿ ನಡುಗಿಸಿ ಕರೆದೊಯ್ಯಲು ಮನಸ್ಸು ಒಪ್ಪದೆ ತಮ್ಮನ ಕಾರನ್ನೇ ನೆಚ್ಚಿಕೊಂಡೆವು.

ಎರಡು ವರ್ಷಗಳಿಂದ ನಾವು ಮನೆಯ ಹಿಂದಿನ ತೆಂಗಿನ ತೋಟದಲ್ಲಿ ಅಭ್ಯಾಸ ಮಾಡುತ್ತಿದ್ದೆವು. ಬೋರ್‌ವೆಲ್ ಕೆಲಸದಲ್ಲಿ ಉಳಿದ ಪಿವಿಸಿ ಪೈಪುಗಳನ್ನು ಕತ್ತರಿಸಿ ಹಾರುವ ಅಡ್ಡಪಟ್ಟಿಗಳನ್ನು ಮಾಡಿದೆವು. ಅವೇ ಪೈಪುಗಳನ್ನು 60 ಸೆಂಟಿಮೀಟರಿಗೆ ಒಂದರಂತೆ ನೆಟ್ಟು, ನಾಯಿ ಹಾವಿನಂತೆ ಬಳುಕಿ ಸಾಗಬೇಕಾದ ಹನ್ನೆರಡು ಕಂಬಗಳ ಸಾಲನ್ನು ನಿಲ್ಲಿಸಿದೆವು. ನಾನು ಅತಿ ಹೆಚ್ಚು ಯೋಚಿಸಿದ್ದು ಆಜ್ಞೆಗಳ ಬಗ್ಗೆ. ಬೆಂಗಳೂರಿನಲ್ಲಿ ಬಹುತೇಕ ಎಲ್ಲರೂ ‘ಸಿಟ್’, ‘ಸ್ಟೇ’ ಎನ್ನುತ್ತಾರೆ. ಕೆಂಚಿಯೊಡನೆ ನಾನು ಕನ್ನಡದಲ್ಲೇ ಮಾತಾಡುವವಳಾದ್ದರಿಂದ ‘ಕೂರು’, ‘ಹಾರು’, ‘ಇರು’ ಎಂದು ಆರಂಭಿಸಿದೆ. ಒಂದು ತಿಂಗಳಾದರೂ ಅವಳು ಗೊಂದಲದಲ್ಲೇ ಇದ್ದಳು. ಮೂರೂ ಮಾತು ‘ರು’ಕಾರದಲ್ಲಿ ಮುಗಿಯುತ್ತವೆ, ದೂರದಿಂದ ಕೂಗಿದರೆ ಕೊನೆಯ ಸದ್ದೇ ಉಳಿಯುತ್ತದೆ ಎಂಬುದು ಹೊಳೆದ ಮೇಲೆ ‘ಕೂತ್ಕೊ’, ‘ನೆಗಿ’, ‘ಇರು’ ಎಂದು ಬದಲಾಯಿಸಿದೆ. ಸುರಂಗಕ್ಕೆ ‘ನುಗ್ಗು’, ಹಲಗೆಗೆ ‘ಹತ್ತು’. ‘ಬಾ’ ಎಂಬ ಮಾತನ್ನು ಮನೆಯಲ್ಲಿ ದಿನಕ್ಕೆ ನೂರು ಸಲ ಯಾರು ಯಾರಿಗೋ ಹೇಳುತ್ತಿರುತ್ತೇವೆ. ಆದ್ದರಿಂದ ಅವಳನ್ನು ಕರೆಯಲು ‘ಇಲ್ಲಿ’ ಎಂಬ ಪದವನ್ನು ಮೀಸಲಿಟ್ಟೆ, ಮತ್ತು ಆ ಪದಕ್ಕೆ ಓಗೊಟ್ಟು ಬಂದಾಗಲೆಲ್ಲ ಬೇಯಿಸಿದ ಕೋಳಿಯ ಒಂದು ಚೂರು ತಪ್ಪದೆ ಕೊಟ್ಟೆ.

ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್ ದಾಟುವವರೆಗೂ ಮಂಜು ಕವಿದಿತ್ತು. ಎಡೆಯೂರಿನಲ್ಲಿ ಕಾರು ನಿಲ್ಲಿಸಿ ಕೆಂಚಿಗೆ ನೀರು ಕುಡಿಸಿದೆವು. ಕುಣಿಗಲ್ ಬಳಿ ಬಂದಾಗ ತಮ್ಮ ಅಲ್ಲಿನ ಕುದುರೆ ಫಾರಂನ ಮಾತೆತ್ತಿದ. ಟಿಪ್ಪುವಿನ ಕಾಲದಿಂದಲೂ ಆ ಊರು ಕುದುರೆ ಸಾಕಣೆಗೆ ಹೆಸರುವಾಸಿ. ಅಜಿಲಿಟಿಯ ಮೂಲವೂ ಕುದುರೆಯ ಆಟದಲ್ಲಿದೆ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ ಎರಡು ಕಾರ್ಯಕ್ರಮಗಳ ನಡುವಿನ ಬಿಡುವನ್ನು ತುಂಬಿಸಲು ಜಾನ್ ವಾರ್ಲಿ ಎಂಬ ಸಮಿತಿಯ ಸದಸ್ಯರು ಪೀಟರ್ ಮೀನ್‌ವೆಲ್ ಎಂಬ ತರಬೇತುದಾರರ ನೆರವಿನಿಂದ, ಕುದುರೆಗಳ ಜಿಗಿತದ ಸ್ಪರ್ಧೆಯನ್ನೇ ಮಾದರಿಯಾಗಿಟ್ಟುಕೊಂಡು ನಾಯಿಗಳಿಗೆ ಒಂದು ಓಟವನ್ನು ರೂಪಿಸಿದರು. ವ್ಯತ್ಯಾಸವಿಷ್ಟೇ: ಕುದುರೆಯ ಬೆನ್ನ ಮೇಲೆ ಸವಾರನಿರುತ್ತಾನೆ, ಅವನ ಕೈಯಲ್ಲಿ ಲಗಾಮಿರುತ್ತದೆ. ಇಲ್ಲಿ ನಾಯಿಯ ಕೊರಳಿಗೆ ಹಗ್ಗವೂ ಇಲ್ಲ, ಪಟ್ಟಿಯೂ ಇಲ್ಲ. ಓಡಿಸುವವರು ನಾಯಿಯನ್ನಾಗಲಿ ಸಾಧನಗಳನ್ನಾಗಲಿ ಮುಟ್ಟುವಂತಿಲ್ಲ. ದಾರಿ ತೋರುವುದೆಲ್ಲ ಮಾತು, ಕೈ ಮತ್ತು ನಮ್ಮ ಮೈ ತಿರುಗುವ ಬಗೆಯಿಂದ.

ನೆಲಮಂಗಲದಿಂದ ಗೊರಗುಂಟೆಪಾಳ್ಯದವರೆಗಿನ ವಾಹನಗಳ ಸಾಲಿನಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಕಳೆಯಿತು. ಸ್ಪರ್ಧೆಯ ಹಿಂದಿನ ದಿನ ನಾಯಿಯನ್ನು ದಣಿಸಬಾರದೆಂದು ಬೇರೆ ಯಾವ ತಿರುಗಾಟವನ್ನೂ ಇಟ್ಟುಕೊಂಡಿರಲಿಲ್ಲವಾದರೂ, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗದೆ ಇರಲು ನನಗಾಗಲಿಲ್ಲ. ತಮ್ಮ ಕೆಂಚಿಯೊಡನೆ ಕಬ್ಬನ್ ಪಾರ್ಕಿನ ಮರದ ನೆರಳಿನಲ್ಲಿ ಕುಳಿತ; ನಾನು ಒಳಗೆ ಹೋಗಿ ಆತಕೂರು ಶಾಸನದ ಮುಂದೆ ನಿಂತೆ. ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಈ ಕಲ್ಲು ಶಕವರ್ಷ 872ರದು, ಅಂದರೆ ಸುಮಾರು ಕ್ರಿ.ಶ. 950ರದು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ತಕ್ಕೋಲಂನಲ್ಲಿ ಚೋಳರನ್ನು ಗೆದ್ದ ಸುದ್ದಿ ಅದರಲ್ಲಿದೆ. ಚರಿತ್ರೆಯ ಪುಸ್ತಕಗಳು ಆ ಭಾಗವನ್ನೇ ಹೆಚ್ಚು ಉದ್ಧರಿಸುತ್ತವೆ. ನನ್ನನ್ನು ಎಳೆದದ್ದು ಕಲ್ಲಿನ ಮೇಲೆ ಕೊರೆದ, ಕಾಡುಹಂದಿಯ ಮೇಲೆರಗಿದ ನಾಯಿಯ ಚಿತ್ರ. ಮೆಚ್ಚಿದ ಒಡೆಯನು ಬೇಕಾದ್ದನ್ನು ಬೇಡಿಕೊ ಎಂದಾಗ ಮಣಲೇರನೆಂಬ ವೀರನು ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯೂ ದೊಡ್ಡದೊಂದು ಹಂದಿಯೂ ಹೋರಾಡಿ ಎರಡೂ ಸತ್ತವು; ಅದರ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಟ್ಟು, ಭೂಮಿಯನ್ನೂ ದತ್ತಿಯಾಗಿ ಬಿಟ್ಟರು. ಆ ಕಾಳಿಗೆ ಯಾರು, ಯಾವ ಮಾತಿನಲ್ಲಿ ತರಬೇತಿ ಕೊಟ್ಟಿರಬಹುದು ಎಂದು ಯೋಚಿಸುತ್ತ ನಾನು ಅಲ್ಲಿ ಬಹಳ ಹೊತ್ತು ನಿಂತಿದ್ದೆ. ಅದು ಕೇಳಿದ್ದು ಹಳಗನ್ನಡದ ಯಾವುದೋ ‘ಬಾ’ ಆಗಿರಲೇಬೇಕು.

ರಾತ್ರಿ ಮಲ್ಲೇಶ್ವರದ ಚಿಕ್ಕಮ್ಮನ ಮನೆಯಲ್ಲಿ ತಂಗಿ, ಶನಿವಾರ ಬೆಳಿಗ್ಗೆ ಆರೂವರೆಗೆಲ್ಲ ಮೈದಾನ ತಲುಪಿದೆವು. ಬಾಗಿಲಲ್ಲಿ ರೇಬೀಸ್ ಲಸಿಕೆಯ ಪತ್ರವನ್ನು ನೋಡಿ, ಭುಜದ ಎತ್ತರವನ್ನು ಅಳೆದರು. ಅಜಿಲಿಟಿಯಲ್ಲಿ ವರ್ಗ ತೀರ್ಮಾನವಾಗುವುದು ತಳಿಯಿಂದಲ್ಲ, ಈ ಎತ್ತರದಿಂದ. ಕೆಂಚಿಯದು 46 ಸೆಂಟಿಮೀಟರ್. ಬಾರ್ಡರ್ ಕಾಲಿಗಳು, ಲ್ಯಾಬ್ರಡಾರುಗಳು, ಒಂದು ಬೆಲ್ಜಿಯನ್ ಮ್ಯಾಲಿನಾಯ್, ಎರಡು ಬೀಗಲ್, ನಮ್ಮವಳಂಥ ನಾಲ್ಕೈದು ಊರನಾಯಿಗಳು ಬಂದಿದ್ದವು. ಎಲ್ಲಕ್ಕಿಂತ ನನ್ನ ಕಣ್ಣು ಸೆಳೆದದ್ದು ಬಾಗಲಕೋಟೆ ಕಡೆಯ ದಂಪತಿ ತಂದಿದ್ದ ಮುಧೋಳ ನಾಯಿ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, ಮುಂದೆ ಸೇನೆಯೂ ತರಬೇತಿಗೆ ತೆಗೆದುಕೊಂಡ ತಳಿ ಅದು. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವಂಥದ್ದು. ದೂರದಲ್ಲಿ ಏನು ಕದಲಿದರೂ ಅದರ ಮನಸ್ಸು ಅತ್ತ ಹಾರುತ್ತದೆ. “ನಾಲ್ಕು ಸಲಕ್ಕಿಂತ ಹೆಚ್ಚು ಒಂದೇ ಪಾಠ ಹೇಳಿದರ ಮಾರಿ ತಿರುಗಸ್ತೈತ್ರಿ, ಅದಕ್ಕ ಎರಡ ಸಲಕ್ಕ ನಿಲ್ಲಸ್ತೀವ್ರಿ” ಎಂದು ಆ ಗೃಹಿಣಿ ಹೇಳಿದರು. ಬೇಸರಕ್ಕೆ ಮೊದಲೇ ಪಾಠ ಮುಗಿಸುವ ಈ ವಿವೇಕವನ್ನು ಶಾಲೆಯ ಮಕ್ಕಳಿಗೆ ಪಾಠ ಹೇಳುವ ನಾನೇ ಎಷ್ಟೋ ಸಲ ಮರೆತಿದ್ದೇನೆ.

ಮೊದಲು ವಿಧೇಯತೆಯ ಪರೀಕ್ಷೆ. ನೋಡುವವರಿಗೆ ಇದರಲ್ಲಿ ರೋಚಕವಾದದ್ದೇನೂ ಕಾಣದಿರಬಹುದು. ನಾಯಿ ಎಡಗಾಲಿನ ಪಕ್ಕದಲ್ಲೇ, ಮುಂದೆ ಹೋಗದೆ, ಹಿಂದೆ ಬೀಳದೆ ನಡೆಯಬೇಕು. ನಾವು ನಿಂತರೆ ಹೇಳದೆಯೇ ಕೂರಬೇಕು. ನಿಂತಿರುವ ಇಬ್ಬರ ಸುತ್ತ ಎಂಟರ ಅಂಕಿಯ ಆಕಾರದಲ್ಲಿ ಸುತ್ತಬೇಕು. ಕೂರಿಸಿ ದೂರ ಹೋದರೂ ಕದಲಬಾರದು, ಕರೆದೊಡನೆ ನೇರವಾಗಿ ಬರಬೇಕು. ಅಮೆರಿಕದಲ್ಲಿ 1933ರಲ್ಲಿ ಇಂಥ ಮೊದಲ ಪರೀಕ್ಷೆಯನ್ನು ಏರ್ಪಡಿಸಿದವರು ಹೆಲೆನ್ ವೈಟ್‌ಹೌಸ್ ವಾಕರ್ ಎಂಬ ಮಹಿಳೆ. ಅವರು ಸಾಕುತ್ತಿದ್ದ ಪೂಡಲ್ ನಾಯಿಗಳನ್ನು ಜನ ಬರಿಯ ಅಲಂಕಾರದ ನಾಯಿಗಳೆಂದು ಎಣಿಸುತ್ತಿದ್ದರು, ಆ ಎಣಿಕೆ ತಪ್ಪೆಂದು ತೋರಿಸುವುದು ಅವರ ಉದ್ದೇಶವಾಗಿತ್ತು. ಬೀದಿಯ ನಾಯಿಗೆ ಕಲಿಸಿದರೆ ತಲೆಗೆ ಹತ್ತೀತೇ ಎಂದು ನನ್ನನ್ನು ಕೇಳಿದವರೂ ಇದ್ದಾರೆ, ಆದ್ದರಿಂದ ಆ ಮಹಿಳೆಯ ಹಟ ನನಗೆ ಆತ್ಮೀಯವಾದದ್ದು.

ಕೆಂಚಿಯನ್ನು ಕೂರಿಸಿ ಇಪ್ಪತ್ತು ಹೆಜ್ಜೆ ಹೋಗಿ ತಿರುಗಿ ನಿಂತೆ. ಅದೇ ಹೊತ್ತಿಗೆ ದೇವನಹಳ್ಳಿಯ ನಿಲ್ದಾಣದ ಕಡೆಗೆ ವಿಮಾನವೊಂದು ತೀರ ಕೆಳಗೆ ಗರ್ಜಿಸುತ್ತ ಹಾಯಿತು. ಹಾಸನದ ತೋಟದಲ್ಲಿ ಅವಳು ಅಂಥ ಸದ್ದನ್ನು ಕೇಳಿದವಳೇ ಅಲ್ಲ. ಕಿವಿಗಳೆರಡೂ ಹಿಂದಕ್ಕೆ ಮಡಚಿಕೊಂಡವು, ಮುಂಗಾಲು ಅರ್ಧ ಎದ್ದಿತು. ಆದರೆ ಕಣ್ಣು ನನ್ನ ಮುಖವನ್ನು ಬಿಟ್ಟು ಕದಲಲಿಲ್ಲ. ನಾನು ಉಸಿರು ಹಿಡಿದು ನಿಂತೆ. ಕಾಲು ಮೆಲ್ಲನೆ ನೆಲಕ್ಕಿಳಿಯಿತು. ಆ ಪರೀಕ್ಷೆಯಲ್ಲಿ ಅವಳಿಗೆ ನಾಲ್ಕನೆಯ ಸ್ಥಾನ ಬಂತು. ಆ ಒಂದು ನಿಮಿಷ ಅವಳು ನನ್ನನ್ನು ನಂಬಿ ಕುಳಿತದ್ದು ನನಗೆ ಆ ಸ್ಥಾನಕ್ಕಿಂತ ಹಿರಿದು.

ಅಜಿಲಿಟಿಗೆ ಮೊದಲು ನಾಯಿಗಳನ್ನು ಹೊರಗೆ ಬಿಟ್ಟು ನಾವಷ್ಟೇ ಅಂಗಳದಲ್ಲಿ ನಡೆದಾಡಲು ಕೆಲವು ನಿಮಿಷ ಕೊಡುತ್ತಾರೆ. ಯಾವ ಸಾಧನದ ನಂತರ ಯಾವುದು ಎಂಬುದನ್ನು ತೀರ್ಪುಗಾರರು ಆ ದಿನವೇ ನಿರ್ಧರಿಸಿ, ಪಕ್ಕದಲ್ಲಿ ಅಂಕಿಯ ಹಲಗೆಗಳನ್ನು ಇಟ್ಟಿರುತ್ತಾರೆ. ನಾಯಿಗೆ ಅಂಕಿ ತಿಳಿಯದ ಕಾರಣ ಅವನ್ನು ನೆನಪಿಟ್ಟುಕೊಳ್ಳಬೇಕಾದವರು ನಾವು. ಆ ದಿನ 18 ಸಾಧನಗಳಿದ್ದವು. ಎಲ್ಲಿ ಎಡಗೈ ಚಾಚಬೇಕು, ಎಲ್ಲಿ ನಾಯಿಯ ಮುಂದೆ ದಾಟಿ ಬದಿ ಬದಲಿಸಬೇಕು ಎಂದು ಮೂರು ಸಲ ನಡೆದು ಮನನ ಮಾಡಿಕೊಂಡೆ.

ನಮ್ಮ ಸರದಿ ಬಂದಾಗ ಹತ್ತೂವರೆಯ ಬಿಸಿಲು. ಮೊದಲ ಮೂರು ಜಿಗಿತ, ಸುರಂಗ, ಆಮೇಲೆ ಎ-ಫ್ರೇಮ್, ಅಂದರೆ ಎರಡು ಅಗಲ ಹಲಗೆಗಳನ್ನು ಗುಡಾರದಂತೆ ತಾಗಿಸಿ ನಿಲ್ಲಿಸಿದ ಸಾಧನ. ಅದರ ಎರಡೂ ಇಳಿಜಾರುಗಳ ಕೆಳತುದಿಗೆ ಬೇರೆ ಬಣ್ಣ ಬಳಿದಿರುತ್ತಾರೆ. ನಾಯಿಯ ಪಾದ ಆ ಬಣ್ಣವನ್ನು ಮುಟ್ಟದಿದ್ದರೆ ಐದು ತಪ್ಪಂಕ. ಮೇಲಿಂದ ಹಾರಿ ಬಿದ್ದು ಹೆಗಲು ಮುರಿದುಕೊಳ್ಳದಿರಲೆಂಬುದು ಈ ನಿಯಮದ ಕಾರಣ. ಹಿಂಗಾಲು ಹಲಗೆಯ ಮೇಲೆ, ಮುಂಗಾಲು ನೆಲದ ಮೇಲೆ ಇಟ್ಟು ಒಂದು ಕ್ಷಣ ನಿಲ್ಲುವುದನ್ನು ಕೆಂಚಿಗೆ ಮನೆಯ ಮೆಟ್ಟಿಲ ಮೇಲೆ ತಿಂಗಳುಗಟ್ಟಲೆ ಕಲಿಸಿದ್ದೆ, ಇಲ್ಲಿಯೂ ಹಾಗೆಯೇ ನಿಂತಳು. ಒಂಬತ್ತನೆಯದು ಕಂಬಗಳ ಸಾಲು. ಮೊದಲ ಕಂಬ ಎಡಹೆಗಲಿಗೆ ಬರುವಂತೆ ಸರಿಯಾಗಿ ಒಳಹೊಕ್ಕು, ಮೈ ಬಳುಕಿಸುತ್ತ ಎಂಟು ಕಂಬ ದಾಟಿದಳು. ಅಲ್ಲಿ ನಾನು ಮುಂದಿನ ಜಿಗಿತ ಎಲ್ಲಿದೆಯೆಂದು ಅತ್ತ ತಿರುಗಿದೆ. ಅವಳೂ ತಿರುಗಿ ಸಾಲಿನಿಂದ ಹೊರಬಂದಳು. ತೀರ್ಪುಗಾರರ ಕೈ ಮೇಲೆದ್ದಿತು. ಅವಳನ್ನು ಕರೆದು, ಸಾಲನ್ನು ಮತ್ತೆ ಮೊದಲಿನಿಂದ ಮಾಡಿಸಿ ಮುಂದೆ ಸಾಗಿದೆವು.

ಉಳಿದದ್ದರಲ್ಲಿ ನಾನು ಹೇಳಲೇಬೇಕಾದದ್ದು ಸೀಸಾ ಒಂದನ್ನೇ. ನಡುವೆ ವಾಲುವ ಆ ಹಲಗೆ ನೆಲಕ್ಕೆ ಬಡಿಯುವ ಸದ್ದಿಗೆ ಹೆದರಿ ಅವಳು ಮೊದಲ ವರ್ಷ ಹತ್ತಿರವೂ ಸುಳಿಯುತ್ತಿರಲಿಲ್ಲ. ಊಟದ ತಟ್ಟೆಯ ಪಕ್ಕ ಸಣ್ಣ ಮರದ ತುಂಡನ್ನು ಮೆಲ್ಲಗೆ ಬಡಿಯುತ್ತ, ವಾರಕ್ಕಿಷ್ಟು ಸದ್ದು ಹೆಚ್ಚಿಸುತ್ತ, ಆ ಸದ್ದೆಂದರೆ ಅನ್ನ ಎಂದು ಅವಳಿಗೆ ಅನ್ನಿಸುವಂತೆ ಮಾಡಿದ್ದೆ. ಈಗ ಅವಳು ನಡು ದಾಟಿ, ಹಲಗೆ ವಾಲುವುದನ್ನು ಕಾದು, ಅದು ನೆಲ ಮುಟ್ಟಿದ ಮೇಲೆ ಇಳಿದಳು. ನನ್ನ ಕಣ್ಣು ತುಂಬಿ ಬಂತು. ಕಂಬಗಳಲ್ಲಿ ಐದು ತಪ್ಪಂಕ, ಗೊತ್ತುಪಡಿಸಿದ ಸಮಯವನ್ನು ಮೀರಿದ್ದಕ್ಕೆ ನಾಲ್ಕು, ಒಟ್ಟು ಒಂಬತ್ತು.

ಪೊಲೀಸ್ ಶ್ವಾನದಳದಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಬೇಲಿಯ ಆಚೆ ನಿಂತು ಎಲ್ಲವನ್ನೂ ನೋಡುತ್ತಿದ್ದರು. ನಾನು ಕೆಂಚಿಗೆ ನೀರು ಕುಡಿಸಿ ಪಾದಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾಗ ಹತ್ತಿರ ಬಂದರು.

“ಮನೇಲಿ ಕಂಬ ಮಾಡಿಸೋವಾಗ ನೀವು ಎಲ್ಲಿ ನಿಲ್ತೀರಮ್ಮಾ?”

“ಸಾಲಿನ ಕೊನೇಲಿ ಸಾರ್. ಕೈಲಿ ತಿಂಡಿ ಹಿಡ್ಕೊಂಡು, ಅವಳ ಕಡೆ ಮುಖ ಮಾಡಿ.”

“ಅಷ್ಟೇ ವಿಷಯ. ಪಕ್ಕದಲ್ಲಿ ಓಡ್ತಾ ಇರೋ ನಿಮ್ಮನ್ನ ಅದು ಮನೇಲಿ ಯಾವತ್ತೂ ನೋಡೇ ಇಲ್ಲ. ನಿಮ್ಮ ಭುಜ ಆ ಕಡೆ ಹೋಯ್ತು, ಅದೂ ಹೋಯ್ತು. ಅದು ನಿಮ್ಮ ಮಾತು ಮೀರಲಿಲ್ಲ, ಕೇಳ್ತು.”

ಎರಡು ವರ್ಷ ನಾನು ಕಂಬಗಳನ್ನು ಕಲಿಸಿದ್ದೆ. ನನ್ನ ನಡೆಯನ್ನು ಲೆಕ್ಕಿಸದೆ ಕಂಬಗಳನ್ನು ಮುಗಿಸುವುದನ್ನು ಕಲಿಸಿರಲಿಲ್ಲ. ಇವೆರಡೂ ಬೇರೆ ಬೇರೆ ಪಾಠಗಳೆಂಬುದು ಆ ಬೇಲಿಯ ಪಕ್ಕದಲ್ಲಿ ನನಗೆ ಮೊದಲ ಬಾರಿಗೆ ಸ್ಪಷ್ಟವಾಯಿತು.

ಸಂಜೆ ಬಹುಮಾನಗಳೆಲ್ಲ ಮುಗಿದ ಮೇಲೆ ಕೆಲಸದವರು ಸಾಧನಗಳನ್ನು ಬಿಚ್ಚತೊಡಗಿದರು. ಹಿರಿಯರು ಅವರನ್ನು ಕೇಳಿಕೊಂಡು ಕಂಬಗಳ ಸಾಲನ್ನು ಮಾತ್ರ ಹತ್ತು ನಿಮಿಷ ಉಳಿಸಿಕೊಟ್ಟರು. ಬಿಸಿಲು ಇಳಿದು ಗಾಳಿ ತಣ್ಣಗಾಗಿತ್ತು. ನಾನು ಸಾಲಿನ ಬಲಬದಿಯಲ್ಲಿ ಕೊನೆಯ ಕಂಬದಾಚೆಗೂ ನೇರವಾಗಿ, ಎತ್ತಲೂ ತಿರುಗದೆ ಓಡಿದೆ. ಕೆಂಚಿ ಹನ್ನೆರಡನ್ನೂ ದಾಟಿ ನನ್ನ ಪಕ್ಕಕ್ಕೆ ಬಂದು ಕೋಳಿಯ ಚೂರು ತಿಂದಳು. “ಈಗ ಆ ಕಡೆಯಿಂದ” ಎಂದರು ಹಿರಿಯರು. ಎಡಬದಿಯಿಂದ ಓಡಿದಾಗ ಹತ್ತನೆಯ ಕಂಬದಲ್ಲಿ ಹೊರಬಂದಳು. ಮತ್ತೊಮ್ಮೆ ಮಾಡಿಸಲು ನಾನು ಹೊರಟಾಗ ಅವರು ಬೇಡವೆಂದು ಕೈ ಸನ್ನೆ ಮಾಡಿದರು. ತಮ್ಮ ಕಾರಿನ ಹಿಂಬಾಗಿಲು ತೆರೆದು “ಅಕ್ಕಾ, ಕತ್ತಲಾಗ್ತಿದೆ” ಎಂದು ಕೂಗಿದ. ಅಂಕಪಟ್ಟಿಯ ಹಿಂಬದಿಯಲ್ಲಿ ನಾನು ‘ಎಡಬದಿ, ನಾಲ್ಕು ಕಂಬದಿಂದ ಆರಂಭ, ಪಕ್ಕದಲ್ಲಿ ನಡಿಗೆ, ಆಮೇಲೆ ಓಟ’ ಎಂದು ಬರೆದುಕೊಂಡು, ಕೆಂಚಿಯ ಕೊರಳಿಗೆ ಪಟ್ಟಿ ಹಾಕಿದೆ.